ಹೊಗೆಮನೆಯಲ್ಲಿ ಕೂರುವವರು

ನಮ್ಮೂರಲ್ಲಿ ಹೊಗೆ ಮೊದಲು ಬರುತ್ತದೆ, ಬೆಂಕಿ ಮೂರನೇ ದಿನಕ್ಕೆ. ಗುಡ್ಡಕ್ಕೆ ಯಾರ ಕೈಯಿಂದ ಬೆಂಕಿ ಬೀಳಲಿದೆಯೋ ಅವರ ಮನೆಯ ಹೆಂಚಿನ ಸಂದಿಯಿಂದ ಹೊಗೆ ಏಳುತ್ತದೆ. ಒಲೆ ಹಚ್ಚಿರಬೇಕು ಅಂತಿಲ್ಲ. ತಣ್ಣನೆಯ ಹೊಗೆ, ಕಣ್ಣು ಉರಿಯುವುದಿಲ್ಲ, ಆದರೆ ಏನು ಸುಡಲಿದೆಯೋ ಅದರ ವಾಸನೆ ಇರುತ್ತದೆ. ಬಿದಿರು ಸುಡುವುದಿದ್ದರೆ ಬಿದಿರಿನದು, ತರಗೆಲೆಯಾದರೆ ತರಗೆಲೆಯದು. ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಅಂತ ಹೊರಗಿನವರು ಗಾದೆ ಹೇಳಿದರೆ ನಮ್ಮೂರಿನ ಮಕ್ಕಳು ಮುಸಿಮುಸಿ ನಗುತ್ತವೆ.

ನನ್ನ ಹೆಸರು ಸಣ್ಣೀರಮ್ಮ. ಹಂಚಿಕಡ್ಡಿ ಪೊರಕೆ ಕಟ್ಟಿ ಬದುಕಿದವಳು. ಗುಡ್ಡದ ನೆತ್ತಿಯ ಹಂಚಿ ಹುಲ್ಲು ಕೊಯ್ದು, ಒಣಗಿಸಿ, ಬಡಿದು, ಕಟ್ಟಿ ಮಾರುವುದು ನಮ್ಮವ್ವನ ಕಾಲದಿಂದ ಬಂದ ಕಸುಬು. ಐವತ್ತೆರಡನೇ ವಯಸ್ಸಿನಲ್ಲಿ ರಾತ್ರಿ ಶಾಲೆಗೆ ಹೋಗಿ ಅಕ್ಷರ ಕಲಿತೆ. ಪೊರಕೆ ಬಿಗಿದು ಬಿಗಿದು ಗಟ್ಟಿಯಾದ ಬೆರಳಿಗೆ ಬಳಪ ನಿಲ್ಲುತ್ತಿರಲಿಲ್ಲ, ಪಟಪಟ ಮುರಿಯುತ್ತಿತ್ತು. "ಅಜ್ಜಿ, ಅದು ಪೊರಕೆ ಅಲ್ಲ, ಮೆಲ್ಲಗೆ ಹಿಡ್ಕಳಿ" ಅನ್ನುತ್ತಿದ್ದರು ಮೇಷ್ಟ್ರು. ನಾನೇ ಕೂಡಿಸಿಕೊಂಡು ಓದಿದ ಮೊದಲ ಮಾತು ಬೆಂಕಿಪೊಟ್ಟಣದ ಮೇಲಿನದು. ಅದೂ ನನ್ನ ಹಣೆಬರಹವೇ ಇರಬೇಕು.

ಹಿಂದೆಲ್ಲ ಹೊಗೆ ಎದ್ದ ಮನೆಯ ಗಂಡಸರನ್ನು ಊರು ಹಿಡಿದು ಕಂಬಕ್ಕೆ ಕಟ್ಟುತ್ತಿತ್ತು. ಬೀಡಿ, ಬೆಂಕಿಪೊಟ್ಟಣ ಕಿತ್ತುಕೊಂಡು ಮನೆಯ ಮೇಲೆ ಕೊಡಗಟ್ಟಲೆ ನೀರು ಹೊಯ್ಯುತ್ತಿದ್ದರು. ಹೆಂಗಸರನ್ನು ಕಟ್ಟುತ್ತಿರಲಿಲ್ಲ. ಹೆಂಗಸಿನ ಕೈಯಲ್ಲಿ ಒಲೆಯ ಬೆಂಕಿ ಬಿಟ್ಟು ಬೇರೆ ಬೆಂಕಿ ಇದ್ದೀತು ಅಂತ ಯಾರಿಗೂ ಹೊಳೆದಿರಲಿಲ್ಲ. ಮೂವತ್ತೊಂದು ವರ್ಷದ ಹಿಂದೆ ನಮ್ಮ ಮನೆಯಲ್ಲಿ ಹೊಗೆ ಎದ್ದಾಗ ನನ್ನ ಗಂಡ ಬೋರಯ್ಯನನ್ನು ಕಟ್ಟಿದರು. ಎರಡನೇ ದಿನ ಅವನು ಹಗ್ಗ ಬಿಡಿಸಿಕೊಂಡು ಓಡಿಹೋದ. ಮೂರನೇ ದಿನ ಗುಡ್ಡ ಹತ್ತಿಕೊಂಡಿತು. ಕಣಿವೆಯಾಚೆಯ ಹಟ್ಟಿಯಲ್ಲಿ ಹನ್ನೊಂದು ಗುಡಿಸಲು ಬೂದಿಯಾದವು. ಕರುವಿನ ಹಗ್ಗ ಬಿಚ್ಚಲು ಕೊಟ್ಟಿಗೆಯೊಳಗೆ ಹೋದ ಚಿತ್ತಮ್ಮ ಅನ್ನುವವಳು ಹೊರಗೆ ಬರಲಿಲ್ಲ. ಬೋರಯ್ಯ ಸಿಟ್ಟಿಗೆ ಹಚ್ಚಿ ಓಡಿದ ಅಂತ ಊರು ಹೇಳಿತು, ಹಟ್ಟಿಯೂ ಹೇಳಿತು.

ಹಚ್ಚಿದವಳು ನಾನು. ಹಂಚಿ ಹುಲ್ಲು ಕೊಯ್ದ ಮೇಲೆ ಉಳಿದ ಬುಡಕ್ಕೆ ಕಿಡಿ ಕೊಟ್ಟರೆ ಮುಂದಿನ ವರ್ಷ ಕಡ್ಡಿ ಉದ್ದ ಬರುತ್ತದೆ. ನಮ್ಮವ್ವ ಕೊಡುತ್ತಿದ್ದಳು, ಅವಳವ್ವನೂ ಕೊಡುತ್ತಿದ್ದಳು. ಅದನ್ನು ನಾವು ಬೆಂಕಿ ಹಚ್ಚುವುದು ಅನ್ನುತ್ತಿರಲಿಲ್ಲ, ಬುಡ ಕಾಯಿಸುವುದು ಅನ್ನುತ್ತಿದ್ದೆವು. ಗಂಡ ಓಡಿಹೋದ ಅಂತ ಹೊಟ್ಟೆ ಸುಮ್ಮನಿರುತ್ತದೆಯೇ? ಮರುದಿನ ಕುಡುಗೋಲು ಹಿಡಿದು ಗುಡ್ಡ ಹತ್ತಿದೆ, ಹುಲ್ಲು ಕೊಯ್ದೆ, ಬುಡ ಕಾಯಿಸಿದೆ, ಹೊರೆ ಹೊತ್ತು ಇಳಿದೆ. ಗಾಳಿ ತಿರುಗಿದ್ದು ಹೊರೆ ಇಳಿಸಿದ ಮೇಲೆ. ಬೋರಯ್ಯ ಓಡಿಹೋದ ಮೇಲೂ ನಮ್ಮ ಮನೆಯ ಹೊಗೆ ನಿಂತಿರಲಿಲ್ಲ. ಅದನ್ನು ಊರು ನೋಡಲಿಲ್ಲ. ನಾನು ನೋಡಿದ್ದೆ, ನನಗೆ ತಿಳಿಯಲಿಲ್ಲ. ತಿಳಿದ ಮೇಲೆ ಬಾಯಿ ಬರಲಿಲ್ಲ. ಅವನು ಯಾವುದೋ ಇಟ್ಟಿಗೆ ಗೂಡಿನಲ್ಲಿ ತೀರಿಕೊಂಡ ಅಂತ ಐದು ವರ್ಷ ಕಳೆದು ಸುದ್ದಿ ಬಂತು. ಮಾತು ಅವನ ಮೇಲೇ ಉಳಿಯಿತು.

ಆಮೇಲೆ ನಾನು ಒಂದು ಕೆಲಸ ಹಿಡಿದೆ. ಯಾರ ಮನೆಯಲ್ಲಿ ಹೊಗೆ ಎದ್ದರೂ ಹೋಗಿ ಕೂರುವುದು. ಪಕ್ಕದ ಮನೆಯ ಪಾಲಮ್ಮನೂ ಜೊತೆಯಾದಳು. ಬರಿಗೈಯಲ್ಲಿ ಹೋಗುವುದಿಲ್ಲ, ನಾನು ಕಡ್ಡಿ ಒಯ್ಯುತ್ತೇನೆ, ಅವಳು ಸುಲಿಯಲು ಅವರೆಕಾಯೋ ಕಡಲೆಕಾಯೋ ಒಯ್ಯುತ್ತಾಳೆ. ಯಾಕೆ ಅಂತ ಕೇಳುವುದಿಲ್ಲ, ಯಾರು ಅಂತ ಕೇಳುವುದಿಲ್ಲ. ಮನೆಯಲ್ಲಿ ಎಷ್ಟು ಜನ ಇದ್ದಾರೋ ಅಷ್ಟೂ ಜನರನ್ನು ಒಬ್ಬೊಬ್ಬರಾಗಿ ಕೇಳುವುದು ಒಂದೇ: ನಾಳಿದ್ದು ಎದ್ದ ಮೇಲೆ ಏನು ಮಾಡುತ್ತೀಯ? ಅವರು ಹೇಳುತ್ತಾರೆ. ನಾವು "ಆಮೇಲೆ?" ಅನ್ನುತ್ತೇವೆ. ಇನ್ನಷ್ಟು ಹೇಳುತ್ತಾರೆ. "ಆಮೇಲೆ?" ಕಿಡಿ ಎಲ್ಲಿ ಬೀಳುತ್ತದೋ ಅಲ್ಲಿಗೆ ಮಾತು ಬಂದಾಗ ಹೇಳುವವರಿಗೇ ಹೊಳೆಯುತ್ತದೆ, ಹೊಗೆ ನಿಲ್ಲುತ್ತದೆ. ಒಬ್ಬ ಜೇನು ಬಿಡಿಸಲು ದೊಂದಿ ಕಟ್ಟಿಟ್ಟುಕೊಂಡಿದ್ದ. ಒಬ್ಬಳು ಬದುವಿನ ಕಸಕ್ಕೆ ಬೆಂಕಿ ಕೊಟ್ಟು ಮಗುವಿಗೆ ಹಾಲೂಡಿಸಲು ಮನೆಗೆ ಬರುವವಳಿದ್ದಳು. ಒಬ್ಬ ಅಳಿಯ ಮಾವನ ಕಣ್ಣು ತಪ್ಪಿಸಿ ಬೀಡಿ ಸೇದಲು ಪೊದೆಯೊಳಗೆ ಕೂರುವವನಿದ್ದ. ಅವನನ್ನು ನೆನೆಸಿಕೊಂಡರೆ ಪಾಲಮ್ಮ ಇವತ್ತಿಗೂ ನಗುತ್ತಾಳೆ. "ಮಾವನ ಮುಂದೇನೇ ಸೇದಪ್ಪ, ಗುಡ್ಡ ಉಳೀಲಿ" ಅಂದಿದ್ದಳು. ಮಾವ ಅಲ್ಲೇ ಕೂತಿದ್ದ.

ಹೀಗೆ ಆರು ವರ್ಷದಿಂದ ನಮ್ಮ ಕಡೆಯಿಂದ ಗುಡ್ಡಕ್ಕೆ ಬೆಂಕಿ ಬಿದ್ದಿಲ್ಲ. ಆದರೆ ಕಣಿವೆಯಾಚೆ ಏಳು ಹಟ್ಟಿಗಳಿವೆ. ಅಲ್ಲಿ ಹೊಗೆ ಮೊದಲು ಬರುವುದಿಲ್ಲ, ಬೆಂಕಿ ಹೇಳದೆ ಕೇಳದೆ ಬರುತ್ತದೆ. ಅಲ್ಲಿ ಯಾರ ಮನೆಯಲ್ಲಿ ಕೂರಬೇಕು ಅಂತ ಗೊತ್ತಾಗುವುದಿಲ್ಲವಾದ್ದರಿಂದ ಎಲ್ಲರ ಮನೆಯಲ್ಲೂ ಕೂರಬೇಕು. ಶಿವರಾತ್ರಿಯಿಂದ ಮುಂಗಾರಿನ ತನಕ ನಾಲ್ಕು ಹೆಂಗಸರು ಕೂಲಿ ಬಿಟ್ಟು ಹಟ್ಟಿ ಹಟ್ಟಿ ತಿರುಗಬೇಕು. ಅವರ ಒಲೆ ಉರಿಯಬೇಕು, ಕಾಲಿಗೆ ಚಪ್ಪಲಿ ಬೇಕು, ತೋರಿಸಲು ಚಿತ್ರದ ಹಾಳೆ ಬೇಕು, ಹಟ್ಟಿಯ ಸುತ್ತ ಬೆಂಕಿ ದಾಟದ ಹಾಗೆ ಹುಲ್ಲು ಕೆರೆದು ಬೆಂಕಿ ರೇಖೆ ಎಳೆಯಲು ಕುಂಟೆ, ಗುದ್ದಲಿ ಬೇಕು. ಹೋದ ವರ್ಷ ಸಂತೆಯಲ್ಲಿ ಚಿತ್ತಮ್ಮನ ಮಗಳು ಓಬಕ್ಕ ನನ್ನ ಹತ್ತಿರ ಪೊರಕೆ ಕೊಳ್ಳುತ್ತ, "ನಿಮ್ಮೂರಾಗೆ ಕುಂತು ಬೆಂಕಿ ಪಾಠ ಹೇಳ್ತೀರಂತೆ, ನಮ್ಮ ಕಡಿಗೆ ಬರಲ್ಲೇನಮ್ಮ?" ಅಂದಳು. ಬೋರಯ್ಯನ ಹೆಂಡತಿ ನಾನು ಅಂತ ಗೊತ್ತಿದ್ದೇ ಕೇಳಿದಳು. "ಬರ್ತೀನವ್ವ" ಅಂದುಬಿಟ್ಟೆ. ಮೇಷ್ಟ್ರ ಹತ್ತಿರ ಕೇಳಿ ಕೇಳಿ ಅನುದಾನದ ಕಚೇರಿಗೆ ಅರ್ಜಿ ನಾನೇ ಬರೆದೆ. ಮೂರು ಹಾಳೆ ಕೆಟ್ಟವು, ನಾಲ್ಕನೆಯದು ಹೋಯಿತು.

ಈ ಸಲ ಬೇಸಗೆಯ ಮೊದಲಿಗೆ ಅದರ ತಪಾಸಣೆಗೆ ಸಾಹೇಬರು ಬಂದರು. ಮರುಳಸಿದ್ದಯ್ಯ ಅಂತ. ಒಬ್ಬರೇ ಜೀಪು ಓಡಿಸಿಕೊಂಡು ಬಂದಿದ್ದರು, ಡ್ರೈವರಿಗೆ ಮಗಳ ಬಾಣಂತನ. ಒಳ್ಳೆಯ ಮನುಷ್ಯ, ಮಾತು ಮೆತ್ತಗೆ, ಸಕ್ಕರೆ ಇಲ್ಲದ ಕಾಫಿ. ಶಾಲೆಯ ಜಗಲಿಯ ಮೇಲೆ ನಮ್ಮನ್ನೆಲ್ಲ ಕೂರಿಸಿ ಒಂದು ಕಾಗದ ತೆಗೆದರು.

"ಹೋದ ಐದು ವರ್ಷದಲ್ಲಿ, ಅರ್ಜಿ ಕೊಟ್ಟ ಊರಲ್ಲಿ ಆದ ಕಾಡ್ಗಿಚ್ಚು ಎಷ್ಟು?"

"ಒಂದೂ ಇಲ್ಲ ಸ್ವಾಮಿ" ಅಂದೆ ಹೆಮ್ಮೆಯಿಂದ.

ಅವರು ಸೊನ್ನೆ ಬರೆದರು. ಬರೆದು ಪೆನ್ನಿನ ಮುಚ್ಚಳ ಹಾಕಿದರು. "ಅಲ್ಲಮ್ಮ, ಬೆಂಕಿಯೇ ಬೀಳದ ಕಡೆ ಬೆಂಕಿ ಪಾಠಕ್ಕೆ ದುಡ್ಡು ಕೊಡಿ ಅಂತ ನಾನು ಹೇಗೆ ಬರೀಲಿ? ಪಕ್ಕದ ಸೀಮೆಯಲ್ಲಿ ಹೋದ ವರ್ಷ ಒಂಬತ್ತು ಆಗಿವೆ. ಅವರಿಗೆ ಹೋಗುತ್ತೆ."

"ಬೀಳದಂಗೆ ನೋಡ್ಕಂಡಿದ್ದು ನಾವಲ್ವಾ?"

"ತಡೆದ ಬೆಂಕಿಗೆ ಇದರಲ್ಲಿ ಕಾಲಂ ಇಲ್ಲಮ್ಮ. ನನ್ನ ಮಾತಲ್ಲ, ಕಾಗದದ ಮಾತು."

ಪಾಲಮ್ಮ ಸೊಂಟಕ್ಕೆ ಕೈಯಿಟ್ಟು ಎದ್ದಳು. "ಹಂಗಾರೆ ಒಂದು ಹಚ್ಚಿ ತೋರುಸ್ಲಾ ಸ್ವಾಮಿ? ನೀವು ಇರೋ ಹೊತ್ನಾಗೇ ಆಗಿಬಿಡ್ಲಿ, ಎಣಿಸ್ಕಂಡು ಹೋಗಾಕೆ ಸುಲಭ." ಜಗಲಿಯೆಲ್ಲ ನಕ್ಕಿತು. ಸಾಹೇಬರೂ ನಕ್ಕರು, ಆದರೆ ಸೊನ್ನೆ ಸೊನ್ನೆಯಾಗಿಯೇ ಉಳಿಯಿತು. ಕೆರೆ ಹೂಳಿನ ಕೆಲಸ ಒಂದು ನೋಡುವುದಿದೆ, ನಾಳಿದ್ದು ಹೊರಡುತ್ತೇನೆ ಅಂದು ಪಂಚಾಯಿತಿ ಕಟ್ಟಡದ ಹಿಂದಿನ ಕೋಣೆಯಲ್ಲಿ ಇಳಿದುಕೊಂಡರು.

ಅದೇ ಮಧ್ಯಾಹ್ನ ಆ ಕೋಣೆಯ ಹೆಂಚಿನಿಂದ ಹೊಗೆ ಎದ್ದಿತು.

ಪಾಪ, ಸಾಹೇಬರು ಹಾಸಿಗೆ ಹತ್ತಿಕೊಂಡಿತೆಂದು ಎರಡು ಬಕೆಟ್ ನೀರು ಹೊಯ್ದು, ಬನಿಯನ್ನಿನಲ್ಲೇ ಹೊರಗೆ ಓಡಿಬಂದು ನಿಂತಿದ್ದರು. ಊರಿನವರು ಸುತ್ತ ನಿಂತು ನೋಡಿದರು. ಹೊಗೆಮನೆಯವರಿಗೆ ನೇರ ಹೇಳುವ ರೂಢಿ ನಮ್ಮಲ್ಲಿಲ್ಲ. ಯಾರೋ ಒಣ ಚಾಪೆ ತಂದುಕೊಟ್ಟರು, ಯಾರೋ ಟವೆಲ್ಲು. ನಾನು ಗಾಳಿಗೆ ಮೂಗು ಒಡ್ಡಿದೆ. ಹಂಚಿ ಹುಲ್ಲು. ಅರವತ್ತು ವರ್ಷ ಮೂಸಿದ ವಾಸನೆ ಅದು, ತಪ್ಪುವ ಮಾತಿಲ್ಲ. ಹಂಚಿ ಇರುವುದು ಗುಡ್ಡದ ನೆತ್ತಿಯಲ್ಲಿ ಮಾತ್ರ. ನೆತ್ತಿಯಲ್ಲಿ ಬಿದ್ದ ಬೆಂಕಿ ಮೊದಲು ಇಳಿಯುವುದು ಓಬಕ್ಕನ ಹಟ್ಟಿಗೆ.

ಸಂಜೆ ಪಾಲಮ್ಮ ನಮ್ಮ ಹೊಸ್ತಿಲಲ್ಲಿ ಬಂದು ಕೂತಳು. ಬೆಳಿಗ್ಗೆಯ ತಮಾಷೆ ಅವಳ ಮುಖದಲ್ಲಿರಲಿಲ್ಲ.

"ಸಣ್ಣೀರಕ್ಕ, ಈ ಸಲ ಕೂರಾದು ಬೇಡ."

"ಯಾಕೆ?"

"ಹಟ್ಟಿಯೋರಿಗೆ ಹೇಳಿ ಕಳ್ಸಾನ. ದನ ಕರ ಹೊಡ್ಕಂಡು ಎರಡು ದಿನ ಹೊಳೆ ಕಡೆ ಇರ್ಲಿ. ಹುಲ್ಲು ಸುಡ್ಲಿ. ಸಾಹೇಬನ ಕೈಲೇ ಬೀಳ್ತೈತೆ, ಅವನೇ ಬರ್ಕಂತಾನೆ. ಸೊನ್ನೆ ಹೋಗಿ ಒಂದಾಗ್ತೈತೆ. ದುಡ್ಡು ಬತ್ತೈತೆ. ಒಂದು ಬೆಂಕಿಗೆ ಹತ್ತು ವರ್ಷ ಪಾಠ."

ಕೆಟ್ಟ ಮಾತು ಅನ್ನಿಸಲಿಲ್ಲ ಅನ್ನುವುದೇ ನಿಜ. ಪಾಲಮ್ಮ ಕೆಟ್ಟವಳಲ್ಲ. ಅವಳ ಲೆಕ್ಕದಲ್ಲಿ ಯಾರೂ ಸಾಯುತ್ತಿರಲಿಲ್ಲ. ಕಡ್ಡಿ ಹರವಿಕೊಂಡು ಕೂತೆ, ಒಂದು ಪೊರಕೆಯೂ ಕಟ್ಟಲಾಗಲಿಲ್ಲ. ದನ ಕರ ಹೊಳೆಗೆ ಹೊಡೆದುಕೊಂಡು ಹೋಗುತ್ತಾರೆ, ಸರಿ. ಆದರೆ ಯಾವುದೋ ಒಂದು ಕರು ಕಟ್ಟಿದಲ್ಲೇ ಉಳಿದಿರುತ್ತದೆ. ಅದರ ಹಗ್ಗ ಬಿಚ್ಚಲು ಯಾರೋ ಒಬ್ಬಳು ತಿರುಗಿ ಹೋಗುತ್ತಾಳೆ. ಲೆಕ್ಕ ಹಾಕುವಾಗ ಆ ಕರು ಯಾರ ಕಣ್ಣಿಗೂ ಬೀಳುವುದಿಲ್ಲ.

ಬೆಳಿಗ್ಗೆ ಕಡ್ಡಿಯ ಹೊರೆ ಕಂಕುಳಲ್ಲಿ ಇಟ್ಟುಕೊಂಡು ಹೊರಟೆ. ಪಾಲಮ್ಮ ಬಾಗಿಲಲ್ಲಿ ನಿಂತು ನೋಡಿದಳು. "ನಿನ್ನ ಹಣೇಬರ" ಅಂದಳು. ಅರ್ಧ ದಾರಿಯಲ್ಲಿ ಹಿಂದಿನಿಂದ ಅವರೆಕಾಯಿಯ ಮೊರ ಹಿಡಿದುಕೊಂಡು ಬಂದೇಬಿಟ್ಟಳು.

ಸಾಹೇಬರು ಬಾಗಿಲಲ್ಲೇ ತಡೆದರು. "ಅಜ್ಜಿ, ಊರವರು ಆಡಿಕೊಳ್ಳೋದು ಕಿವಿಗೆ ಬಿತ್ತು. ಈ ಹೊಗೆ ಏನೋ ನನಗೆ ಗೊತ್ತಿಲ್ಲ, ಆದರೆ ನಾನು ಬೀಡಿ ಸಿಗರೇಟು ಮುಟ್ಟಿದವನಲ್ಲ. ದೇವರ ದೀಪ ಸಹ ಹೆಂಡತಿಯೇ ಹಚ್ಚೋದು. ಬೇಕಾದರೆ ಜೇಬು ನೋಡಿ."

"ಜೇಬು ನೋಡಾಕೆ ಬಂದಿಲ್ಲ ಸ್ವಾಮಿ. ಕೂರಾಕೆ ಬಂದಿದೀವಿ."

"ಎಷ್ಟು ಹೊತ್ತು?"

"ಹೊಗೆ ನಿಲ್ಲಾ ತನಕ" ಅಂದಳು ಪಾಲಮ್ಮ, ಆಗಲೇ ಗೋಡೆಗೆ ಒರಗಿ ಕಾಲು ಚಾಚಿ. "ಅವರೆಕಾಯಿ ಸುಲೀತೀರಾ? ಸುಮ್ಕೆ ಕೂರಾದು ಕಷ್ಟ."

ಸ್ವಲ್ಪ ಹೊತ್ತು ಅವರು ಕಾಗದ ತಿರುವಿದರು. ಆಮೇಲೆ ಬೇಜಾರಾಗಿಯೋ ಏನೋ ಒಂದು ಹಿಡಿ ಕಾಯಿ ಎಳೆದುಕೊಂಡರು. ಉಗುರಿಗೆ ಅಂಟು ಹತ್ತಿದಾಗ ಮೂಸಿ ನೋಡಿಕೊಂಡರು. ಅವರವ್ವನ ನೆನಪಾಯಿತಂತೆ. ಆಗ ಕೇಳಿದೆ: "ನಾಳೆ ಎದ್ದ ಮೇಲೆ ಏನು ಮಾಡ್ತೀರಿ ಸ್ವಾಮಿ?"

"ಮಾಡೋದೇನು, ಸ್ನಾನ. ಮಾತ್ರೆ. ತಿಂಡಿ."

"ಆಮೇಲೆ?"

"ಮನೆಗೆ ಫೋನು. ಹೆಂಡತಿ ಮಾತ್ರೆ ತಗೊಂಡ್ರಾ ಅಂತಾಳೆ, ತಗೊಂಡೆ ಅಂತೀನಿ."

"ತಗಂಡಿರ್ತೀರಾ?"

ಅವರು ಕಾಯಿಯತ್ತ ನೋಡಿದರು. "ಒಂದೊಂದು ದಿನ ಇಲ್ಲ."

"ಆಮೇಲೆ?"

ಹಾಗೆ ಮಾತಿನಲ್ಲೇ ಕೆರೆಯ ಕೆಲಸ ಮುಗಿಯಿತು, ಪಂಚಾಯಿತಿಯವರ ಸಹಿ ಆಯಿತು, ಊಟ ಕಟ್ಟಿಸಿಕೊಂಡರು, ಜೀಪು ಹತ್ತಿದರು. ಅಷ್ಟಾದರೂ ಹೊಗೆ ಎಳೆಯಷ್ಟೂ ತೆಳುವಾಗಲಿಲ್ಲ. ಮಧ್ಯೆ ಅವರಿಗೆ ಸಿಟ್ಟು ಬಂತು. "ಇದೇನು ಕಳ್ಳನನ್ನ ವಿಚಾರಿಸಿದ ಹಾಗೆ! ಬೆಂಕಿ ಹಚ್ಚೋ ಮುಖವಾ ನಂದು?" ಅಂದರು.

ಆಗ ನನಗೆ ಏನಾಯಿತೋ. ಬೋರಯ್ಯನ ವಿಷಯ ಹೇಳಿದೆ, ಹಗ್ಗ ಹೇಳಿದೆ, ಬುಡ ಕಾಯಿಸಿದ್ದು ಹೇಳಿದೆ. "ಹಚ್ಚೋ ಮುಖ ಅಂತ ಬೇರೆ ಇರಲ್ಲ ಸ್ವಾಮಿ. ನಂದೂ ಆವತ್ತು ಹುಲ್ಲು ಕೊಯ್ಯೋ ಮುಖಾನೇ" ಅಂದೆ. ಪಾಲಮ್ಮನ ಕೈಯಲ್ಲಿ ಕಾಯಿ ಹಾಗೇ ನಿಂತಿತ್ತು. ಮೂವತ್ತು ವರ್ಷದಿಂದ ಗೋಡೆ ಪಕ್ಕದ ಗೋಡೆಯವಳು, ಅವಳಿಗೂ ನಾನು ಹೇಳಿರಲಿಲ್ಲ. ಅವಳು ನನ್ನನ್ನು ನೋಡಲಿಲ್ಲ. ಮೊರದಲ್ಲಿದ್ದ ಕಾಳನ್ನೇ ನೋಡುತ್ತಿದ್ದಳು. ಕೈಯಲ್ಲಿದ್ದ ಕಾಯಿ ಸುಲಿದು ಮೊರಕ್ಕೆ ಹಾಕಿ ಸಾಹೇಬರಿಗೆ, "ಜೀಪು ಹತ್ತಿದ್ರಿ. ಆಮೇಲೆ?" ಅಂತ ಅವಳೇ ಕೇಳಿದಳು.

ಸಾಹೇಬರ ದನಿ ಇಳಿದಿತ್ತು. "ಕಣಿವೆ ರಸ್ತೆ. ಬರುವಾಗ ನೋಡಿದ್ದೆ, ಗುಡ್ಡದ ಮೇಲೆ ಚೆನ್ನಾಗಿದೆ ಜಾಗ. ಒಂದೇ ಒಂದು ಮರ, ನೆರಳು. ಅಲ್ಲಿ ನಿಲ್ಲಿಸಿ ಊಟ ಮಾಡಿ, ಒಂದು ಗಳಿಗೆ ಮಲಗೋಣ ಅಂತ."

"ಎಲ್ಲಿ ನಿಲ್ಲಿಸ್ತೀರಿ?"

"ಮರದ ಕೆಳಗೆ. ರಸ್ತೆಯಿಂದ ಕೆಳಗಿಳಿಸಿ, ಹುಲ್ಲಿನ ಮೇಲೆ."

"ಹುಲ್ಲು ಎಷ್ಟೆತ್ತರ?"

ಅವರು ಮೊಣಕಾಲು ತೋರಿಸಿದರು. ತೋರಿಸಿದ ಕೈ ಅಲ್ಲೇ ನಿಂತಿತು. ನಿಧಾನವಾಗಿ ಪ್ಯಾಂಟು ಮೇಲೆತ್ತಿ ಮೀನಖಂಡದ ಮೇಲಿನ ಹಳೆಯ ಸುಟ್ಟ ಕಲೆಯೊಂದನ್ನು ಮುಟ್ಟಿಕೊಂಡರು. "ಕಾಲೇಜಲ್ಲಿದ್ದಾಗ ಬೈಕಿನ ಸೈಲೆನ್ಸರ್ ತಾಗಿದ್ದು" ಅಂದರು, ನಮಗಲ್ಲ, ತಮಗೆ ತಾವೇ. "ಘಟ್ಟ ಹತ್ತಿದ ಜೀಪು. ಅದರ ಕೊಳವೆ ಕೆಂಡವಾಗಿರುತ್ತೆ. ಕೆಳಗೆ ಒಣಹುಲ್ಲು. ನಾನು ಮಲಗಿರ್ತೀನಿ."

ಪಾಲಮ್ಮ ಮೇಲೆ ನೋಡಿದಳು. ಹೆಂಚಿನ ಸಂದಿಯಲ್ಲಿ ಬಿಸಿಲು ಕಾಣುತ್ತಿತ್ತು, ಬರಿಯ ಬಿಸಿಲು.

ಮರುದಿನ ಅವರು ಹೊರಟಾಗ ಜೀಪಿನ ಮೂತಿ ಹೊಳೆ ರಸ್ತೆಯ ಕಡೆಗಿತ್ತು, ಸುತ್ತು ದಾರಿ. ನಾನು ಹೇಳಿದೆ: "ದುಡ್ಡಿಗೋಸ್ಕರ ಕೂತಿದ್ದಲ್ಲ ಸ್ವಾಮಿ, ಕಾಗದ ಹೆಂಗೈತೋ ಹಂಗೇ ಇರ್ಲಿ." ಇದು ಪೂರ್ತಿ ನಿಜವಲ್ಲ. ಅವರಿಗೂ ಗೊತ್ತಿತ್ತು ಅಂತ ಕಾಣುತ್ತದೆ. ಜೀಪಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು ಏನೋ ಬರೆದರು. "ಓದೋಕೆ ಬರುತ್ತೆ ಅಂದ್ರಲ್ಲ ಅಜ್ಜಿ, ಓದಿ" ಅಂತ ಕೈಗೆ ಕೊಟ್ಟರು. ಸೊನ್ನೆ ಅಲ್ಲೇ ಇತ್ತು. ಅದರ ಕೆಳಗೆ, ಗೆರೆಯಿಲ್ಲದ ಖಾಲಿ ಜಾಗದಲ್ಲಿ ಬರೆದಿದ್ದನ್ನು ಬೆರಳಿಟ್ಟು ಓದಿದೆ. "ತಪಾಸಣೆಯ ಅವಧಿಯಲ್ಲಿ ತಡೆದ ಬೆಂಕಿ: ಒಂದು. ಹಚ್ಚಲಿದ್ದವರು: ಈ ಕೆಳಗೆ ಸಹಿ ಮಾಡಿದವರು." ಕೆಳಗೆ ಅವರ ಸಹಿ, ಹುದ್ದೆ, ತಾರೀಕು.

"ನಿಮ್ಮ ಕಚೇರಿಯೋರು ನಿಮಗೆ ಹುಚ್ಚು ಅನ್ನಲ್ವಾ?" ಅಂದಳು ಪಾಲಮ್ಮ.

"ಅಂತಾರೆ" ಅಂದರು ಸಾಹೇಬರು. ಜೀಪು ಹೊರಟಿತು.

ತಿಂಗಳಾದ ಮೇಲೆ ಮಂಜೂರಾತಿ ಬಂತು. ಏಳು ಹಟ್ಟಿಗೆ ಕೇಳಿದ್ದೆವು, ಮೂರಕ್ಕೆ ಕೊಟ್ಟಿದ್ದರು, ಅದೂ ಒಂದು ವರ್ಷಕ್ಕೆ. ಎರಡು ಜೊತೆ ಚಪ್ಪಲಿಯಲ್ಲಿ ನಾಲ್ಕು ಹೆಂಗಸರು ಹೆಂಗೆ ನಡೆಯಬೇಕು ಅಂತ ಪಾಲಮ್ಮ ಇನ್ನೂ ಬೈಯುತ್ತಿದ್ದಾಳೆ. ಜೊತೆಗೆ ಬಂದ ಹೊಸ ನಮೂನೆಯಲ್ಲಿ ಮಾತ್ರ ಎರಡು ಕಾಲಂ ಇದ್ದವು: ಆದ ಬೆಂಕಿ, ತಡೆದ ಬೆಂಕಿ. ಎರಡರ ಮುಂದೆಯೂ ಯಾರ ಕೈಯಿಂದ ಅಂತ ಹೆಸರು ಬರೆಯಲು ಜಾಗ. ಆಗದ ಬೆಂಕಿಗೆ ಸಾಹೇಬರಂಥ ಸಾಹೇಬರು ಹೆಸರು ಹಾಕಿದ್ದರು. ಆದ ಬೆಂಕಿಗೆ ನಾನು ಮೂವತ್ತೊಂದು ವರ್ಷ ಹಾಕಿರಲಿಲ್ಲ.

ಮೊದಲ ಪಾಠ ಓಬಕ್ಕನ ಹಟ್ಟಿಯಲ್ಲಿ. ಬೇವಿನ ಮರದ ಕೆಳಗೆ ಚಾಪೆ ಹಾಸಿದ್ದರು. ಇಪ್ಪತ್ತು ಜನ ಇದ್ದಿರಬಹುದು. ಓಬಕ್ಕ ಎದುರಿಗೇ ರಾಗಿ ಕೇರುತ್ತಾ ಕೂತಿದ್ದಳು. ಚಿತ್ರದ ಹಾಳೆ ಬಿಚ್ಚಲಿಲ್ಲ. ನಮೂನೆ ತೊಡೆಯ ಮೇಲಿಟ್ಟುಕೊಂಡು ಮೊದಲ ಕಾಲಮಿನಲ್ಲಿ ನನ್ನ ಹೆಸರು ಬರೆದೆ. ಬಳಪ ಮುರಿದಂತೆ ಪೆನ್ನು ಮುರಿಯಲಿಲ್ಲ. ಬರೆದದ್ದನ್ನು ಓದಿ ಹೇಳಿದೆ. ಹನ್ನೊಂದು ಗುಡಿಸಲು, ಚಿತ್ತಮ್ಮ, ಒಂದು ಕರು. ಬುಡ ಕಾಯಿಸಿದ್ದು ಬೋರಯ್ಯ ಅಲ್ಲ, ನಾನು.

ಕೇರುವ ಸದ್ದು ನಿಂತಿತು. ಓಬಕ್ಕ ಮೊರ ಕೆಳಗಿಟ್ಟು ಎದ್ದು ಗುಡಿಸಲೊಳಗೆ ಹೋದಳು. ಒಬ್ಬ ಮುದುಕ ಎದ್ದು ಹೋದ, ಅವನ ಹಿಂದೆ ಇನ್ನಿಬ್ಬರು. ಪಾಲಮ್ಮ ನನ್ನ ಸೆರಗು ಜಗ್ಗಿ "ಹೋಗಾನ ನಡಿಯಕ್ಕ" ಅಂದಳು. ನಾನು ಏಳಲಿಲ್ಲ. ಬೇರೆಯವರ ಮನೆಯಲ್ಲಿ ಕೂರುವುದೇ ಇಷ್ಟು ವರ್ಷ ಮಾಡಿದ್ದೆ, ಅದು ಬರುತ್ತಿತ್ತು. ನೆರಳು ಚಾಪೆಯಿಂದ ಜಾರಿತು. ಬಿಸಿಲು ನನ್ನ ಕಾಲಿನ ಮೇಲೆ ಬಂತು, ಮಡಿಲಿಗೆ ಬಂತು.

ಓಬಕ್ಕ ಹೊರಗೆ ಬಂದಾಗ ಅವಳ ಕಣ್ಣು ಕೆಂಪಾಗಿತ್ತು. ನನ್ನ ಮುಖ ನೋಡಲಿಲ್ಲ, ನೀರು ಬೇಕಾ ಅನ್ನಲಿಲ್ಲ. ಬಂದು ಚಾಪೆಯ ಮೇಲೆ, ಎದುರಿಗಲ್ಲ, ನನ್ನ ಪಕ್ಕಕ್ಕೆ ಕೂತಳು. ಮೊರ ಎಳೆದುಕೊಂಡಳು. ಕಲ್ಲೊಂದನ್ನು ಆರಿಸಿ ದೂರ ಎಸೆದಳು.

"ಬುಡ ಕಾಯಿಸಿದೆ" ಅಂದಳು. "ಆಮೇಲೆ?"